ಗುಂಡಗೆ ಕೊರೆಯಲೊಲ್ಲದ ಯಂತ್ರ

ಒಂದು ಕಾಲಕ್ಕೆ ನಮ್ಮ ಅಡುಗೆಮನೆಯಲ್ಲಿ ಡಬ್ಬ, ಬಿಂದಿಗೆಗಳ ಮುಚ್ಚಳಗಳೆಲ್ಲ ಕೋಳಿಮೊಟ್ಟೆಯ ಆಕಾರದಲ್ಲಿದ್ದವು. ಗುಂಡಗೆ ಬರಬೇಕಾಗಿದ್ದ ಪ್ಲೈವುಡ್ ತುಂಡುಗಳು ಹಾಗೆ ಬಂದಿದ್ದವು. ಬಿಸಾಡಲು ಮನಸ್ಸು ಬಾರದೆ ನಾನು ಒಂದೊಂದನ್ನೂ ಒಳಗೆ ತಂದಿಟ್ಟುಕೊಂಡೆ. “ಮುಚ್ಚಳದ ಫ್ಯಾಕ್ಟ್ರಿ ಇಟ್ಬುಟ್ಟ ನನ್ ಮಗ” ಎಂದು ಅತ್ತೆ ನಗುತ್ತಿದ್ದರು.

ಅವನ್ನು ಕೊರೆದವರು ನಮ್ಮ ಯಜಮಾನರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನೆಗೆ ಬಂದವರೆಲ್ಲ ಅವರ ಆಸ್ಪತ್ರೆಯ ದಿನಗಳನ್ನೇ ಕೇಳುತ್ತಾರೆ. ನನಗೆ ಆ ಮಾತು ಬೇಡವಾಗಿದೆ. ತೊಂಬತ್ತರ ದಶಕದ ಕೊನೆಗೆ ಅವರು ಯಂತ್ರ ಕಟ್ಟಿದ್ದನ್ನು ಬರೆಯೋಣ ಅನ್ನಿಸಿತು. ಬರೆಯುವಾಗ ಅವರು ಪಕ್ಕದಲ್ಲೇ ನಿಂತು “ಅಂಗಲ್ಲ ಕಣೇ, ಇಂಗೆ” ಎಂದು ತಿದ್ದಿದಂತಾಗುತ್ತದೆ.

ನಾಗಮಂಗಲದಲ್ಲಿ ನಮ್ಮದು ಮರಗೆಲಸದ ಮನೆ. ಮಾವ ದೇವಲಾಪುರ, ಬಿಂಡಿಗನವಿಲೆ ಕಡೆಗೆಲ್ಲ ಬಾಗಿಲು, ಕಿಟಕಿ ಮಾಡಿಕೊಡುತ್ತಿದ್ದರು. ಇವರು ಐಟಿಐ ಓದಿ ಪಾಂಡವಪುರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನೂ ಕೆಟ್ಟ ಪ್ರಿಂಟರುಗಳ ಮೋಟಾರುಗಳನ್ನೂ ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಪೈಪು, ತಿರುಪಿನ ಸರಳು, ಮಾವ ಬಿಟ್ಟುಹಾಕಿದ್ದ ಕೊರೆಯುವ ಮಿಷನ್ನು ಎಲ್ಲ ಸೇರಿಸಿ ಒಂದು ಚೌಕಟ್ಟು ಕಟ್ಟಿದರು. ಕಂಪ್ಯೂಟರು ಹೇಳಿದಂತೆ ಮೋಟಾರು ಸರಳನ್ನು ತಿರುಗಿಸಬೇಕು, ಸರಳು ತಿರುಗಿದಷ್ಟು ಮಿಷನ್ನು ಉದ್ದಕ್ಕೂ ಅಡ್ಡಕ್ಕೂ ಸರಿದು ಹಲಗೆ ಕೊರೆಯಬೇಕು. ಮಾವ ಮರಗೆಲಸ ಮಾಡುವ ಷೆಡ್ಡಿನಲ್ಲಿ ಜಾಗವಿದ್ದರೂ ಅವರು ಅದನ್ನು ಒಳಗೆ ಬಿಡಲಿಲ್ಲ. “ಅದು ಆಟದ್ ಸಾಮಾನು. ಆಯುಧದ ಪಕ್ಕ ಇಕ್ಕಕಿಲ್ಲ” ಎಂದರು. ಹಾಗಾಗಿ ಯಂತ್ರ ನಮ್ಮ ಕೋಣೆಯಲ್ಲಿ ಮಂಚದ ಪಕ್ಕ ನಿಂತಿತು. ನಾವು ಮದುವೆಯಾದ ಹೊಸದು. ನನ್ನ ತಲೆದಿಂಬಿನಲ್ಲಿ ಹತ್ತಿಗಿಂತ ಮರದ ಹೊಟ್ಟೇ ಹೆಚ್ಚಿತ್ತು.

ಇವರಿಗೆ ಒಂದೇ ಆಸೆ. ಪಾಂಡವಪುರದ ಬಸ್ಸು ಹತ್ತುವುದನ್ನು ಬಿಟ್ಟು, ಅಪ್ಪನ ಷೆಡ್ಡಿನಲ್ಲಿ ಅಪ್ಪನ ಜೊತೆ ಕೆಲಸ ಮಾಡಬೇಕು, ಆದರೆ ತಮ್ಮ ಯಂತ್ರದೊಂದಿಗೆ. ದಸರೆಗೆ ಮುಂಚೆ ಮಾವ ಒಂದು ದುಂಡು ಕನ್ನಡಿ ತಂದು ಮುಂದಿಟ್ಟರು. ಯಾರದೋ ಮನೆಯ ಮದುವೆಗೆ ಅದಕ್ಕೆ ಮರದ ಸುತ್ತು ಬೇಕಿತ್ತು.

“ಆಯುಧಪೂಜೆ ಒತ್ಗೆ ಈ ಕನ್ನಡಿ ನಿನ್ ಮಿಷನ್ ಕೊರ್ದಿದ್ರೊಳ್ಗೆ ಕೂತ್ಕಂಡ್ರೆ ಷೆಡ್ಡಿಗೆ ತಕ್ಕಂಬಾ. ಇಲ್ದಿದ್ರೆ ಗುಜರಿಯೋನ್ಗೆ ಆಕ್ಬುಡ್ತೀನಿ.”

“ಆಯ್ತು ಕಣಪ್ಪ, ನೋಡ್ತಿರು” ಎಂದರು ಇವರು.

ಕೊರೆದರು. ಬಂದದ್ದು ಮೊಟ್ಟೆ. ಅಡ್ಡಕ್ಕೆ ಕನ್ನಡಿಯಷ್ಟೇ ಸರಿಯಾಗಿತ್ತು, ಉದ್ದಕ್ಕೆ ಚೂರು ಗಿಡ್ಡ.

“ಏನ್ಲಾ ಇದು, ಕಾವಿಗೆ ಕೂರ್ಸನಾ?” ಎಂದರು ಮಾವ.

ಕರೆಂಟು ಏರಿಳಿದು ಮೋಟಾರು ತಪ್ಪುತ್ತಿರಬೇಕೆಂದು ಇವರು ಬೆಳಗ್ಗೆ ಕರೆಂಟು ಗಟ್ಟಿಯಾಗಿದ್ದಾಗ ಕೊರೆದರು. ಮೊಟ್ಟೆಯೇ. ಸರಳಿನ ನಟ್ಟು ಸಡಿಲವಿರಬಹುದೆಂದು ಹೊಸ ನಟ್ಟು ಹಾಕಿದರು. ಮತ್ತೆ ಮೊಟ್ಟೆ. ಉದ್ದದ ಮೋಟಾರನ್ನು ಅಡ್ಡಕ್ಕೂ ಅಡ್ಡದ್ದನ್ನು ಉದ್ದಕ್ಕೂ ಬದಲಾಯಿಸಿದರು. ಮೋಟಾರಿನ ತಪ್ಪಾದರೆ ಮೊಟ್ಟೆಯೂ ತಿರುಗಿಕೊಳ್ಳಬೇಕಿತ್ತು. ಅದು ಮೊದಲಿದ್ದಂತೆಯೇ ಉದ್ದಕ್ಕೆ ಗಿಡ್ಡವಾಗಿ ಬಂತು. ಅಂದು ಅವರು ಊಟಕ್ಕೆ ಕೂತು ದುಂಡಗಿದ್ದ ಮುದ್ದೆಯನ್ನು ಬಹಳ ಹೊತ್ತು ನೋಡಿದರು. “ನೀನ್ ಯಾವ ಮಿಷನ್ನಲ್ಲಿ ಮಾಡ್ದೆ?” ಎಂದು ನನ್ನನ್ನು ಕೇಳಿದರು.

ಹಬ್ಬ ಹತ್ತಿರ ಬಂತು. ಅತ್ತೆ ಷೆಡ್ಡಿನ ಸಾಮಾನುಗಳನ್ನು ಹಿತ್ತಲಿಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು. ಅದರಲ್ಲಿ ಮಾವನ ಅಳತೆಕೋಲೂ ಇತ್ತು. ಮಾವನ ಅಜ್ಜ ಮಾಡಿದ ಎರಡಡಿಯ ಕೋಲು, ಎರಡೂ ತುದಿಗೆ ಹಿತ್ತಾಳೆಯ ಟೊಪ್ಪಿ. ಮಾವ ಟೇಪನ್ನು ನಂಬುತ್ತಿರಲಿಲ್ಲ. ಎಲ್ಲ ಬಾಗಿಲನ್ನೂ ಆ ಕೋಲಿನಲ್ಲೇ ಅಳೆಯುತ್ತಿದ್ದರು.

“ನೋಡ್ಲಾ, ನಾನು ಮದ್ವೆಯಾಗಿ ಬಂದಾಗ ಈ ಟೊಪ್ಪಿ ನನ್ ಕಾಲುಂಗುರದಷ್ಟು ದಪ್ಪಕ್ಕಿತ್ತು. ಈಗ ಹಾಳೆ ಆಗೋಗದೆ” ಎಂದರು ಅತ್ತೆ.

ಹಲ್ಲುಜ್ಜುತ್ತಿದ್ದ ಇವರು ಹಾಗೇ ನಿಂತರು. ಬಾಯಿ ಮುಕ್ಕಳಿಸದೆಯೇ ಒಳಗೆ ಓಡಿ ಸ್ಟೀಲ್ ಸ್ಕೇಲು ತಂದು ಕೋಲಿಗೆ ಹಿಡಿದರು. ಎರಡಡಿಗೆ ಕಾಲಂಗುಲ ಕಡಿಮೆ. ವರ್ಷವರ್ಷವೂ ಹುಣಸೆಹಣ್ಣು ಎರಡು ತುದಿಯನ್ನೂ ತಿಂದುಹಾಕಿತ್ತು.

ಮೋಟಾರು ಎಷ್ಟು ಸುತ್ತಿದರೆ ಎಷ್ಟು ಅಂಗುಲ ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಕೊಡಬೇಕಿತ್ತು. ಅಪ್ಪನ ಷೆಡ್ಡಿಗೆ ಹೋಗುವ ಯಂತ್ರ, ಅಪ್ಪನ ಕೋಲಿನಲ್ಲೇ ಅಳೆದರೆ ಚೆಂದ ಎಂದು ಇವರು ಉದ್ದವನ್ನು ಅದರಲ್ಲಿ ಅಳೆದಿದ್ದರು. ಅಡ್ಡಕ್ಕೆ ಜಾಗ ಕಡಿಮೆಯಿದ್ದು ಎರಡಡಿ ಕೋಲು ಹಿಡಿಯದ್ದರಿಂದ ಅಲ್ಲಿ ಸ್ಟೀಲ್ ಸ್ಕೇಲು ಹಿಡಿದಿದ್ದರು. ಯಂತ್ರ ಪಾಪ, ಎರಡು ಅಳತೆಯನ್ನೂ ನಂಬಿ ಹೇಳಿದ ಹಾಗೆ ಕೊರೆಯುತ್ತಿತ್ತು.

ಕಾರಣ ಸಿಕ್ಕಿದರೂ ಇವರ ಮುಖ ಅರಳಲಿಲ್ಲ. “ಕೋಲು ಗಿಡ್ಡ ಅಂತ ಅಪ್ಪಂಗೆ ಎಂಗೇಳ್ಲಿ?” ಎಂದರು. ಹೇಳದೆ ಸುಮ್ಮನೆ ಸರಿಮಾಡಿಕೊಳ್ಳಬಹುದಿತ್ತು. ಆದರೆ ಜೊತೆಯಲ್ಲಿ ಕೆಲಸ ಮಾಡುವವರಿಗೆ ಅಳತೆ ಒಂದೇ ಇರಬೇಕಲ್ಲ. ಕೊನೆಗೆ ಷೆಡ್ಡಿಗೆ ಹೋಗಿ ಕೋಲನ್ನೂ ಸ್ಕೇಲನ್ನೂ ಪಕ್ಕಪಕ್ಕ ಇಟ್ಟು ಕೈಕಟ್ಟಿ ನಿಂತರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ಉಳಿದೆ.

ಮಾವ ಬಗ್ಗಿ ನೋಡಿದರು. ಸ್ಕೇಲನ್ನು ತಿರುಗಿಸಿ ಮತ್ತೊಮ್ಮೆ ಹಿಡಿದು ನೋಡಿದರು.

“ಅಲ್ಲ ಕಣ್ಲಾ, ನನ್ ಬಾಗ್ಲು ಒಂದೂ ಕಚ್ಕಂಡಿಲ್ವಲ್ಲಾ?”

“ಚೌಕಟ್ಟೂ ಬಾಗ್ಲೂ ಎರಡೂ ಇದ್ರಲ್ಲೇ ಅಳ್ದಿದ್ದೀಯಲ್ಲಪ್ಪ. ಒಂದ್ಕೊಂದು ಸರ್ಯಾಗಿ ಕೂತ್ಕಂಡವೆ.”

ಮಾವ ಹಿತ್ತಲ ಕಡೆ ತಿರುಗಿ ಕೂಗಿದರು: “ಲೇ, ನಮ್ ತಾತನ್ ಕೋಲ ತಿಂದ್ಬುಟ್ಟಲ್ಲೇ!”

“ದೇವ್ರ ಮುಂದೆ ಕಿಲುಬು ಇಡ್ಬೇಕಿತ್ತಾ? ನೀವೇ ತಿಕ್ಕಿ ನೋಡಿ, ಗೊತ್ತಾಯ್ತದೆ” ಎಂದು ಅತ್ತೆಯ ಉತ್ತರ ಬಂತು. ಮಾವನಿಗೆ ನಗು ತಡೆಯಲಾಗಲಿಲ್ಲ. ಇವರೂ ನಕ್ಕರು. ಎಷ್ಟೋ ದಿನದ ಮೇಲೆ ಅಪ್ಪ ಮಗ ಒಟ್ಟಿಗೆ ನಕ್ಕದ್ದನ್ನು ನೋಡಿದೆ.

ಉದ್ದವನ್ನೂ ಸ್ಟೀಲ್ ಸ್ಕೇಲಿನಲ್ಲೇ ಅಳೆದು ಕಂಪ್ಯೂಟರಿಗೆ ಹೊಸ ಲೆಕ್ಕ ಕೊಟ್ಟರು. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ಸಾಗುವಾನಿ ಹಲಗೆ ಕೊರೆದಾಯಿತು. ಕನ್ನಡಿಯನ್ನು ಮಾವನೇ ಇಟ್ಟು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರು. ಕೂತಿತು. ಸುತ್ತಲೂ ಬೆರಳಾಡಿಸಿ ಸಂದು ಹುಡುಕಿದರು. ಸಿಗಲಿಲ್ಲ.

“ಇನ್ನೂ ಯಾಕ್ಲಾ ಮಂಚದ್ ಪಕ್ಕ ಇಟ್ಕಂಡಿದ್ದೀಯಾ? ಇಡ್ಕೋ ಆ ಕಡೆ” ಎಂದು ಮಾವ ತಾವೇ ಯಂತ್ರದ ಭಾರದ ತುದಿಗೆ ಕೈಹಾಕಿದರು.

ಕೋಣೆಯ ಬಾಗಿಲ ತನಕ ಬಂದು ಯಂತ್ರ ಸಿಕ್ಕಿಕೊಂಡಿತು. ಒಳಗೇ ಕಟ್ಟಿದ ನಮ್ಮವರಿಗೆ ಹೊರಗೆ ತರುವ ಯೋಚನೆಯೇ ಬಂದಿರಲಿಲ್ಲ. ಅವರು ನಾಚಿ ಪೈಪು ಬಿಚ್ಚಲು ಹೊರಟರೆ ಮಾವ ಗದರಿದರು: “ಈಗಷ್ಟೇ ಸರಿಯಾಗದೆ, ಬಿಚ್ಚಿ ಮತ್ತೆ ಮೊಟ್ಟೆ ಇಡ್ಸಬ್ಯಾಡ. ಬಾಗ್ಲು ಬಿಚ್ತೀನಿ ಇರು.” ತಾವೇ ಮಾಡಿದ ಆ ಬಾಗಿಲನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಿದರು. ಯಂತ್ರ ಓರೆಯಾಗಿ ಹೊರಗೆ ಬಂದು ಷೆಡ್ಡು ಸೇರುವಷ್ಟರಲ್ಲಿ ಕತ್ತಲಾಯಿತು.

ಮರುದಿನ ಉಳಿ, ಕೊಡತಿಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಬಿತ್ತು. ಪೂಜೆಗಿಟ್ಟ ಉಪಕರಣಗಳನ್ನು ಹಬ್ಬ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲವಾಗಿ, ನಮ್ಮ ಕೋಣೆಯ ಬಾಗಿಲು ಗೋಡೆಗೆ ಒರಗಿಯೇ ಉಳಿಯಿತು. ಹೊಸದಾಗಿ ಮದುವೆಯಾದ ನಾವು ಬಾಗಿಲಿಲ್ಲದ ಚೌಕಟ್ಟಿಗೆ ನನ್ನದೊಂದು ಸೀರೆ ಕಟ್ಟಿಕೊಂಡೆವು.