ಪಪ್ಪನ ಪಾಳಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ತಂಗಿ ಹೇಳುತ್ತಾಳೆ, ಅವಳು ಹೇಳಿದರೆ ಒಂದಿಷ್ಟೂ ರಿಯಾಯಿತಿ ಇರುವುದಿಲ್ಲ. ದೇವರ ಮುಂದೆ ಕಣ್ಣು ಮುಚ್ಚಿ ಕೂತು, ಊರಲ್ಲಿಲ್ಲದ ಅಪ್ಪನ ದನಿ ತೆಗೆದು, ಅವರ ಪರವಾಗಿ ಪ್ರಾರ್ಥನೆ ಮಾಡಿದವನು ನಾನು. ಒಂದು ದಿನವಲ್ಲ, ಎಂಟು ತಿಂಗಳು.

ಬೆಳಗಾವಿಯ ಕ್ಯಾಂಪಿನಲ್ಲಿ ನಮ್ಮ ಮನೆ. ಸುತ್ತಮುತ್ತ ನಾನು ಅಣಕಿಸದವರಿಲ್ಲ. ಪ್ರಕಟಣೆ ಓದುವ ಮುಂಚೆ ಮೂರು ಸಲ ಕೆಮ್ಮುವ ಪಾಸ್ಟರ್, ಸಿಲಿಂಡರ್ ಇಳಿಸುತ್ತಲೇ ಮೊಣಕಾಲಿನ ಕಥೆ ಶುರು ಮಾಡುವ ಗ್ಯಾಸಿನವರು, ಕನ್ನಡದಲ್ಲಿ ಬೈಯಲು ಹೊರಟು ಮರಾಠಿಯಲ್ಲಿ ಮುಗಿಸುವ ಖಾನಾಪುರದ ಆಯಿ, ಅಂದರೆ ಮಮ್ಮಿಯ ತಾಯಿ. ನನ್ನನ್ನೂ ಬಿಟ್ಟಿಲ್ಲ. ಸೇನಾ ಭರ್ತಿಯ ಓಟದಲ್ಲಿ ಎರಡನೇ ಸುತ್ತಿಗೇ ಪಕ್ಕೆ ಹಿಡಿದು ಕೂತ ನಾನು, ಹವಾಲ್ದಾರರ ಮಗ, ಏದುಸಿರು ಬಿಟ್ಟ ರೀತಿಗೆ ಕಾಲೇಜಿನಲ್ಲಿ ಇವತ್ತಿಗೂ ಬೇಡಿಕೆ ಇದೆ. ಪಪ್ಪ ಒಬ್ಬರು ಮಾತ್ರ ನನಗೆ ಸಿಕ್ಕಿರಲಿಲ್ಲ. ಮಾತೇ ಆಡದ ಮನುಷ್ಯನನ್ನು ಅಣಕಿಸುವುದು ಹೇಗೆ?

ಆಗ ಅವರು ಗಡಿಯ ಮೇಲೆ, ಮೊಬೈಲಿಗೆ ಸಿಗ್ನಲ್ ಹತ್ತದ ಎತ್ತರದಲ್ಲಿ ಇದ್ದರು. ವಾರಕ್ಕೊಮ್ಮೆ ಅಲ್ಲಿನ ಟೆಲಿಫೋನಿನಿಂದ ಎರಡು ಮೂರು ನಿಮಿಷದ ಕರೆ. ಅದಕ್ಕಾಗಿ ಮಮ್ಮಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದಿಟ್ಟುಕೊಳ್ಳುತ್ತಿದ್ದಳು: ನಲ್ಲಿ ಸೋರುವುದು, ತಂಗಿಯ ಕಿವಿನೋವು, ನನ್ನ ಹಾಜರಾತಿ. ಫೋನ್ ಬಂತೆಂದರೆ, "ಎಲ್ಲಾರೂ ಆರಾಮ ಅದೀವ್ರಿ" ಎಂದಷ್ಟೇ ಹೇಳಿ ಪಟ್ಟಿಯನ್ನು ಮಡಚಿ ಸತ್ಯವೇದದೊಳಗೆ ಇಡುವಳು. ಅವರಿಗೆ ಹೇಳದ್ದನ್ನು ಸಂಜೆ ದೇವರಿಗೆ ಓದಿ ಹೇಳುವಳು.

"ನಲ್ಲಿ ರಿಪೇರಿನೂ ದೇವರ ಕೆಲಸಾನ ಏನು ಮಮ್ಮಿ?" ಎಂದು ಒಮ್ಮೆ ಕೆಣಕಿದ್ದೆ.

"ನಿನ್ನ ರಿಪೇರಿ ಮಾಡೂದಕ್ಕಿಂತ ಹಗುರ ಐತಿ ಅವಂಗ."

ಮರುದಿನ ಪಾನಾ ಹಿಡಿದು ನಲ್ಲಿಯನ್ನು ತಾನೇ ಬಿಗಿ ಮಾಡಿದಳು. ಭಾನುವಾರ ಚರ್ಚಿನ ಮಕ್ಕಳಿಗೆ ಪಾಠ ಅವಳದು. ಕ್ಯಾಂಪಿಗೆ ಹೊಸದಾಗಿ ಬಂದ ಫೌಜಿ ಮನೆಯ ಹೆಣ್ಣುಮಗಳಿಗೆ ಮೊದಲ ದಿನದ ಊಟದ ಡಬ್ಬಿಯೂ ಅವಳದೇ. ಯಾವ ಧರ್ಮ, ಯಾವ ಭಾಷೆ ಎಂದು ಕೇಳಿದ್ದಿಲ್ಲ. ಅವಳ ಕೈ ಸೋತದ್ದು ಒಂದೇ ಕಡೆ. ತಂಗಿಗೆ ಇನ್ನೂ ಐದು ತುಂಬಿರಲಿಲ್ಲ, ಪಪ್ಪನೆಂದರೆ ಅವಳಿಗೆ ಗೋಡೆಯ ಮೇಲಿನ ಫೋಟೋ. ಫೋನ್ ಕೊಟ್ಟರೆ "ಹಲೋ" ಎಂದು ಅದನ್ನು ಬಿಸಿ ಬಟಾಟೆಯಂತೆ ಮಮ್ಮಿಯ ಕೈಗೆ ದಾಟಿಸುವಳು.

"ಅವ್ರು ಬಂದಾಗ ಈಕಿ ಅವ್ರ ತೊಡಿ ಮ್ಯಾಲ ಕುಂದರಬೇಕು ನೋಡು," ಎನ್ನುತ್ತಿದ್ದಳು ಮಮ್ಮಿ. "ನಂಗ ಬ್ಯಾರೆ ಏನೂ ಬ್ಯಾಡ."

ಇನ್ನು ನನ್ನ ಮಹಾಕಾರ್ಯಕ್ಕೆ ಬರುತ್ತೇನೆ. ಸಂಜೆ ಏಳೂವರೆಗೆ ಜಮಖಾನೆ ಹಾಸಿ ಕುಟುಂಬ ಪ್ರಾರ್ಥನೆ. ಚಿಕ್ಕವರಿಂದ ಶುರುವಾಗಿ ಪಾಳಿಯ ಪ್ರಕಾರ ಒಬ್ಬೊಬ್ಬರು: ತಂಗಿ, ನಾನು, ಪಪ್ಪ, ಕೊನೆಗೆ ಮಮ್ಮಿ. ಪಪ್ಪ ಊರಲ್ಲಿರಲಿ, ಇಲ್ಲದಿರಲಿ, ಅವರ ಪಾಳಿ ತಪ್ಪಿಸುವಂತಿರಲಿಲ್ಲ. ಊರಲ್ಲಿದ್ದಾಗಲೂ ಅವರು ಮನಸ್ಸಿನಲ್ಲೇ ಪ್ರಾರ್ಥಿಸಿ ಕೊನೆಗೆ "ಆಮೆನ್" ಮಾತ್ರ ಗಟ್ಟಿಯಾಗಿ ಅನ್ನುವವರು. ಇಲ್ಲದಾಗ ಅಷ್ಟು ಹೊತ್ತು ಎಲ್ಲರೂ ಸುಮ್ಮನೆ ಕೂರಬೇಕು. ಒಂದು ಸಂಜೆ ಆ ಹೊತ್ತಿನಲ್ಲಿ ತಂಗಿ ಆಕಳಿಸಿದಳು. ಖಾಲಿ ಜಾಗ ಕಂಡರೆ ನನ್ನ ನಾಲಿಗೆಗೆ ತುರಿಕೆ. ಪೆರೇಡಿನ ದನಿ ತೆಗೆದೆ.

"ಕರ್ತನೇ, ಸಾವಧಾನ್! ನನ್ನ ಮಗಳ ಚಪ್ಪಲಿ ಕಚ್ಚಿಕೊಂಡು ಹೋದ ನಾಯಿಯನ್ನು ಕೂಡಲೇ ಹಾಜರುಪಡಿಸಬೇಕು. ಆಮೆನ್, ವಿಶ್ರಾಮ್!"

ತಂಗಿ ಬಿದ್ದು ಬಿದ್ದು ನಕ್ಕಳು. ಮಮ್ಮಿ ಕಣ್ಣು ತೆರೆದು ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಣ್ಣು ಮುಚ್ಚಿ ತನ್ನ ಪಾಳಿ ಶುರು ಮಾಡಿದಳು. ಮರುದಿನ ತಂಗಿ ತಾನೇ ಕೇಳಿದಳು, "ಅಣ್ಣಾ, ಪಪ್ಪಾನ್ನ ಕರಿ." ಅಂದಿನಿಂದ ದಿನವೂ ಕರೆದೆ. ನನ್ನ ಪಪ್ಪ ದೇವರ ಹತ್ತಿರ ಅವಳಿಗಾಗಿ ತಿನ್ನಲು ಕುಂದಾ ಕೇಳಿದರು, ಆಡಿನ ಮರಿ ಕೇಳಿದರು, ನನಗೆ ಪರೀಕ್ಷೆಯಲ್ಲಿ ದಯೆಯನ್ನೂ ಕೇಳಿದರು.

ಎಂಟು ತಿಂಗಳ ಮೇಲೆ ನಿಜವಾದ ಪಪ್ಪ ಇಪ್ಪತ್ತು ದಿನದ ರಜೆಯ ಮೇಲೆ ಬಂದರು. ಸ್ಟೇಷನ್ನಿನಲ್ಲಿ ತಂಗಿ ಮಮ್ಮಿಯ ಸೀರೆಯ ಹಿಂದೆ ನಿಂತಳು. ಅವಳಿಗೆ ಹೊಸಬರು, ಸಂಜೆಗೆ ಹೊಂದಿಕೊಳ್ಳುತ್ತಾಳೆ ಎಂದುಕೊಂಡೆವು. ಸಂಜೆ ಪಾಳಿ ಬಂತು. ಪಪ್ಪ ಕಣ್ಣು ಮುಚ್ಚಿದರು. ಮೀಸೆಯ ತುದಿ ಅಷ್ಟೇ ಅಲ್ಲಾಡಿತು. ತಂಗಿ ಕಾದಳು, ನನ್ನ ಕಡೆ ತಿರುಗಿದಳು. ನಾನು ಜಮಖಾನೆಯ ಅಂಚನ್ನು ಬಹಳ ಭಕ್ತಿಯಿಂದ ನೋಡುತ್ತಿದ್ದೆ.

"ಮಮ್ಮಿ, ಇವ್ರಿಗೆ ಪ್ರಾರ್ಥನಿ ಬರಂಗಿಲ್ಲ," ಎಂದಳು. "ಅಣ್ಣಾ, ನಮ್ಮ ಪಪ್ಪಾನ್ನ ಕರಿ."

ಪಪ್ಪ ಕಣ್ಣು ತೆರೆದರು. "ಯಾವ ಪಪ್ಪಾ?"

ನಾನು ಎಲ್ಲವನ್ನೂ ಒಪ್ಪಿಕೊಂಡೆ. "ಮಾಡಿ ತೋರಸು," ಎಂದರು. ಮಾಡಿದೆ. ಪೆರೇಡಿನ ದನಿಯ ಬದಲು ಮಳೆಯಲ್ಲಿ ನೆನೆದ ಆಡಿನ ದನಿ ಬಂತು. ಪಪ್ಪ ಪೂರ್ತಿ ಕೇಳಿ, "ಈ ಪಪ್ಪಾ ನಂಗಿಂತ ಛಲೋ ಅದಾನ," ಎಂದು ಎದ್ದು, ಪಡಸಾಲೆಗೆ ಹೋಗಿ, ಆಗಲೇ ಹೊಳೆಯುತ್ತಿದ್ದ ಬೂಟನ್ನು ಮತ್ತೆ ಒರೆಸತೊಡಗಿದರು.

ಅಡಿಗೆಮನೆಯಲ್ಲಿ ಮಮ್ಮಿ ರೊಟ್ಟಿ ಬಡಿಯುತ್ತಿದ್ದಳು. ಬೈಗುಳಕ್ಕೆ ತಯಾರಾಗಿ ನಿಂತೆ. ಬೈಯಲಿಲ್ಲ, ಅದು ಇನ್ನೂ ಕಷ್ಟ.

"ಲಗ್ನ ಆದಾಗಿಂದ ಏಳೂವರಿಗೆ ಅವ್ರು ಎಲ್ಲೇ ಇರ್ಲಿ, ಅಲ್ಲೇ ಕಣ್ಣ ಮುಚ್ಚತಾರ," ಎಂದಳು. "ನಾ ಇಲ್ಲೆ ಮುಚ್ಚತೇನಿ. ಫೋನ್ ಇರ್ಲಿ, ಬಿಡ್ಲಿ, ಅಷ್ಟ ಹೊತ್ತು ನಾವಿಬ್ಬರೂ ಒಂದ ಕಡೆ ಇರತೇವಿ."

"ಹಂಗಾರ ಮೊದಲನೇ ದಿನಾನ ನನ್ನ ಬಾಯಿಗೆ ಬೀಗ ಹಾಕಬೇಕಿತ್ತಲ್ಲ?"

"ಆಕಿ ನಗತಿದ್ಲು. ಪಪ್ಪಾ ಅಂದ್ರ ನಗು ಅಂತಾದ್ರೂ ತಿಳೀಲಿ ಅಂತ ಬಿಟ್ಟೆ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಂದೂ ತಪ್ಪ ಐತಿ. ಆದ್ರ ನಿಂದು ದೊಡ್ಡದು."

ಶನಿವಾರ ಖಾನಾಪುರಕ್ಕೆ ಹೊರಟೆವು. ರೈಲು ದೇಸೂರಿನಲ್ಲಿ ನಿಂತಾಗ ನಾನು ಯಾವಾಗಲೂ ಸ್ಟೇಷನ್ನಿನ ಪ್ರಕಟಣೆ ಕೂಗುತ್ತೇನೆ, ಅಂದು ಕೂಗಲಿಲ್ಲ. ತಂಗಿ ಕಿಟಕಿಯ ಪಕ್ಕ, ಪಪ್ಪ ಅವಳ ಪಕ್ಕ, ನಡುವೆ ಒಂದು ಗೇಣು ಜಾಗ. ಆ ಗೇಣನ್ನು ಮಮ್ಮಿ ದಾರಿಯುದ್ದಕ್ಕೂ ನೋಡುತ್ತ ಕೂತಿದ್ದಳು.

ಆಯಿ ಕಥೆ ಕೇಳಿ ನನ್ನ ಕಿವಿ ಹಿಂಡಿದಳು. "ನಿನ್ನ ನಾಲಿಗಿ ನಿಮ್ಮಪ್ಪನ ಪಾಲಿಂದೂ ತಿಂದೈತಿ," ಎಂದು ಕನ್ನಡದಲ್ಲಿ. ಉಳಿದದ್ದು ಮರಾಠಿಯಲ್ಲಿ.

ಸಂಜೆ ಆಯಿಯ ಮನೆಯಲ್ಲಿ ಪ್ರಾರ್ಥನೆ. ಪಪ್ಪನ ಪಾಳಿ ಬಂದಾಗ ತಂಗಿ ಕಣ್ಣು ಮುಚ್ಚಲಿಲ್ಲ. ಮೆಲ್ಲಗೆ ತೆವಳಿಕೊಂಡು ಹೋಗಿ, ಅಲ್ಲಾಡುವ ಮೀಸೆಯ ಮೇಲೆ ಬೆರಳಿಟ್ಟಳು.

"ಏನ ಅನ್ನಾಕತ್ತೀರಿ?"

ಪಪ್ಪ ಬಗ್ಗಿ ಅವಳ ಕಿವಿಯಲ್ಲಿ ಹೇಳತೊಡಗಿದರು. ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಬಹಳ ಹೊತ್ತು ಹೇಳಿದರು. ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ತಂಗಿ ನಡುನಡುವೆ "ಹ್ಞೂಂ" ಎನ್ನುತ್ತ ಯಾವಾಗಲೋ ತೊಡೆಯ ಮೇಲೆ ಕೂತಿದ್ದಳು. ಆಮೇಲೆ ಇಬ್ಬರೂ ಒಟ್ಟಿಗೆ, ಗಟ್ಟಿಯಾಗಿ, "ಆಮೆನ್" ಎಂದರು. ಮಮ್ಮಿ ತನ್ನ ಪಾಳಿಯಲ್ಲಿ ಪಟ್ಟಿ ತೆಗೆಯಲೇ ಇಲ್ಲ. "ದೇವರೇ, ನಿನಗ ಸ್ತೋತ್ರ" ಎಂದು ಮುಗಿಸಿಬಿಟ್ಟಳು.

"ಏನ ಹೇಳಿದ್ರು?" ಎಂದು ನಾನು ತಂಗಿಯ ಬೆನ್ನು ಹತ್ತಿದೆ. ಪೆಪ್ಪರ್‌ಮಿಂಟಿನ ಲಂಚವನ್ನೂ ಕೊಟ್ಟೆ. ತಿಂದಳು, ಹೇಳಲಿಲ್ಲ.

ರಜೆ ಮುಗಿಯಿತು. ಪಪ್ಪನನ್ನು ರೈಲು ಹತ್ತಿಸಿ ಬಂದ ಸಂಜೆಯೂ ಮಮ್ಮಿ ಏಳೂವರೆಗೆ ಜಮಖಾನೆ ಹಾಸಿದಳು. ತಂಗಿಯ ಪಾಳಿ ಮುಗಿಯಿತು, ನನ್ನದೂ ಮುಗಿಯಿತು. ಮೂರನೆಯ ಪಾಳಿಗೆ ಮನೆ ಸುಮ್ಮನಾಯಿತು. ಈಗ ತಂಗಿ ಅಳುತ್ತಾಳೆ, ಒಂದೇ ಒಂದು ಸಲ ನಗಿಸಿಬಿಡೋಣ ಎಂದು ನಾನು ಗಂಟಲು ಸರಿಮಾಡಿಕೊಂಡೆ.

ತಂಗಿ ಕಣ್ಣು ತೆರೆಯದೆ ಹೇಳಿದಳು:

"ಅಣ್ಣಾ, ಬಾಯಿ ಮುಚ್ಚು. ಪಪ್ಪಾ ಇನ್ನೂ ಆಮೆನ್ ಅಂದಿಲ್ಲ."