ಎರಡೂ ಕಡೆಯ ಬಿಳಿ ಗೆರೆ

ಕೊರೊನಾ ಕಾಲದಲ್ಲಿ ಯೋಕೋಹಾಮಾದಲ್ಲಿ ಬಂದ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ. ಮೂರು ತಿಂಗಳಿಗೆಂದು ಮಗಳ ಮನೆಗೆ ಹೋದವನು, ವಿಮಾನ ನಿಂತು ಅಲ್ಲೇ ಉಳಿದೆ. ಏಳು ವರ್ಷದ ಮೊಮ್ಮಗಳಿಗೆ ನನ್ನ ಕನ್ನಡ ತಿಳಿಯುತ್ತಿತ್ತು. ಉತ್ತರ ಮಾತ್ರ ಜಪಾನಿಯಲ್ಲಿ. ನಮ್ಮಿಬ್ಬರನ್ನು ಸೇರಿಸಿದ್ದು ಗೂಡ್ಸ್ ವ್ಯಾಗನ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ವ್ಯಾಗನ್ನಿಗೆ ನಂಬರ್ ಬರೆದವನು. ಅವಳು ಬ್ರಿಟನ್ನಿನ ಹಳೇ ವ್ಯಾಗನ್ನುಗಳ ಚಿತ್ರದ ಪುಸ್ತಕ ಹಿಡಿದು ನನ್ನ ತೊಡೆಯೇರುತ್ತಿದ್ದಳು. ನಂಬರಿನ ಮುಂದೆ 'ಬಿ' ಇದ್ದರೆ ಸರ್ಕಾರಿ ರೈಲ್ವೆ ತಾನೇ ಕಟ್ಟಿಸಿದ್ದು, 'ಪಿ' ಇದ್ದರೆ ಖಾಸಗಿಯವರಿಂದ ಬಂದದ್ದು. ಎಷ್ಟು ಟನ್ ತುಂಬಬಹುದೆಂದು ಮೈಮೇಲೇ ಬರೆದಿರುತ್ತದೆ.

ಅಳಿಯ ಅವಳ ಹುಟ್ಟುಹಬ್ಬಕ್ಕೆ ಅಂಗೈಯಷ್ಟು ದೊಡ್ಡ ಕಲ್ಲಿದ್ದಲು ವ್ಯಾಗನ್ ತರಿಸಿದ. ಪಾರ್ಸೆಲ್ ಬಂದದ್ದೇ ತಡ, ಮಗಳು ಸ್ಯಾನಿಟೈಸರ್ ಸುರಿದು ಗಸಗಸ ಉಜ್ಜಿದಳು. ನಂಬರು, ಟನ್ನು, ಪಕ್ಕದ ಬಿಳಿ ಓರೆಗೆರೆ, ಎಲ್ಲ ಬಟ್ಟೆಗೆ ಬಂತು.

"ನಂಬರ್ ಇಲ್ದಿರೋ ವ್ಯಾಗನ್ ಯಾವ ಯಾರ್ಡಿಗೆ ಸೇರುತ್ತೆ, ಹೇಳು!"

"ಆಟದ ಸಾಮಾನಪ್ಪಾ ಅದು. ಕೊರೊನಾ ಬಂದ್ರೆ?"

"ವ್ಯಾಗನ್‌ಗೆ ಕೊರೊನಾ ಬರಲ್ಲ ಕಣೇ!"

ಮೊಮ್ಮಗಳು ಅಳಲಿಲ್ಲ. ವ್ಯಾಗನ್ನನ್ನು ಡಬ್ಬಿಗೆ ಹಾಕಿ, ಪುಸ್ತಕವನ್ನೂ ಮುಚ್ಚಿಟ್ಟಳು. ನಾಲ್ಕು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಆ ಮನೆಯಲ್ಲಿ ಅವಳು ಬಿಟ್ಟರೆ ನನಗೆ ಇನ್ನೇನಿತ್ತು?

ಐದನೇ ದಿನ ನೂರು ಯೆನ್ ಅಂಗಡಿಯಿಂದ ಬಿಳಿ ಬಣ್ಣ, ಕೂದಲೆಳೆಯಂಥ ಬ್ರಷ್ ತಂದೆ. ಡಬ್ಬಿಯ ಮೇಲೆ ಒಂದು ಪಕ್ಕದ ಫೋಟೋ ಮಾತ್ರ ಇತ್ತು. ನಮ್ಮ ವರ್ಕ್‌ಶಾಪಿನ ರೂಢಿಯೇ ಅದು, ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಎರಡೂ ಪಕ್ಕಕ್ಕೆ ಬಣ್ಣ ಹೊಡೆಯುವುದು. ಹಾಗೇ ಹೊಡೆದೆ.

ಮೊಮ್ಮಗಳು ವ್ಯಾಗನ್ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ತಾತಾ, ತಪ್ಪು! ಗೆರೆ ಮೇಲೆ ಹೋಗೋ ಕಡೆ ಬಾಗಿಲು ಇರ್ಬೇಕು. ಈ ಕಡೆ ಬಾಗಿಲೇ ಇಲ್ಲ!"

ಕಲ್ಲಿದ್ದಲು ಸುರಿಯಲು ಯಾವ ತುದಿ ತೆರೆಯುತ್ತದೆಂದು ತೋರಿಸುವ ಗುರುತಂತೆ ಅದು. ಒಂದೇ ಅಚ್ಚು ಹೊಡೆದದ್ದರಿಂದ ಎರಡನೇ ಪಕ್ಕದಲ್ಲಿ ಗೆರೆ ಬಾಗಿಲಿಲ್ಲದ ತುದಿಗೆ ಏರಿತ್ತು. ನಾನು ಅಲಂಕಾರ ಎಂದುಕೊಂಡಿದ್ದೆ. ಮೂವತ್ತು ವರ್ಷ ಯಾವ ಇನ್ಸ್‌ಪೆಕ್ಟರೂ ನನ್ನ ಕೆಲಸ ವಾಪಸ್ ಕಳಿಸಿರಲಿಲ್ಲ! ಕಿವಿ ಬಿಸಿಯಾಯಿತು. ಆದರೆ ಬೈದದ್ದು ಕನ್ನಡದಲ್ಲಿ, ಅಷ್ಟುದ್ದ! ಅವಳು ಇನ್ನಷ್ಟು ಬೈಯಲೆಂದು ಬೇಕೆಂತಲೇ ಗದರಿದೆ: "ಯಾರು ಹೇಳಿದ್ದು ನಿಂಗೆ?"

"ಬುಕ್‌ನಲ್ಲಿದೆ. ತಾತ ಸರಿಯಾಗಿ ನೋಡಿಲ್ಲ!"

"ತಾರೇ ನಿನ್ನ ಸ್ಯಾನಿಟೈಸರ್ ಬಾಟ್ಲಿ," ಎಂದು ಮಗಳಿಗೆ ಕೂಗಿದೆ. ನಗುತ್ತಾ ತಂದಳು. ಕಿತ್ತುಕೊಂಡೆ. "ವ್ಯಾಗನ್ ನೀನು ಮುಟ್ಬೇಡ!"

ಮೊಮ್ಮಗಳು ನಂಬರಿನ ಮೇಲೆ ಬೆರಳು ಅಡ್ಡವಿಟ್ಟು ಕಾವಲು ಕೂತಳು. ನಾನು ಆ ತಪ್ಪು ಗೆರೆಯೊಂದನ್ನೇ ಒರೆಸಿದೆ.