ಫೋರ್‌ಮನ್‌ಗೆ ಎರಡನೆಯ ಪತ್ರ

ಕತಾರ್ ದೇಶದ ದುಖಾನಿನ ನಮ್ಮ ಸೈಟ್ ಆಫೀಸಿನಲ್ಲಿ ಅಂದು ಬೆಳಿಗ್ಗೆ ಇದ್ದವರು ಮೂವರು: ಟೈಪಿಸ್ಟ್ ಆಗಿದ್ದ ನಾನು, ಉಡುಪಿ ಕಡೆಯ ಹಿರಿಯ ಫೋರ್‌ಮನ್ ಒಬ್ಬರು, ನಮ್ಮಿಬ್ಬರಿಗೂ ಸಾಹೇಬನಾಗಿದ್ದ ವೇಲ್ಸ್ ದೇಶದ ಎಂಜಿನಿಯರ್. ಅವನನ್ನು ಇಂಗ್ಲೆಂಡಿನವ ಎಂದರೆ ಕೆರಳುತ್ತಿದ್ದ. ಕೆಲಸಕ್ಕೆ ಸೇರಿದ ವಾರವೇ ನಾನು ಆ ತಪ್ಪು ಮಾಡಿ ಬೈಸಿಕೊಂಡಿದ್ದೆ.

ಅಂದು ಮಾರ್ಚ್ ಒಂದು, ಅವರ ನಾಡಿನ ಸಂತನ ಹಬ್ಬ. ಈರುಳ್ಳಿ ಗಿಡದಂಥ ಲೀಕ್ ಸೊಪ್ಪನ್ನು ಜೇಬಿಗೆ ಪಿನ್ನು ಮಾಡಿಕೊಂಡು ಬಂದಿದ್ದ. ಬೇರೆ ದಿನವಾಗಿದ್ದರೆ ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಹಿಂದಿನ ದಿನ, ಕ್ರೇನಿನಲ್ಲಿ ತೂಗುತ್ತಿದ್ದ ಪೈಪಿನ ಕೆಳಗೆ ನಮ್ಮೂರ ಕಡೆಯ ಕೆಲಸದವನೊಬ್ಬ ನಡೆದುಬಂದಿದ್ದ. ಫೋರ್‌ಮನ್ ಕೈಯಲ್ಲಿದ್ದ ವಾಕಿಟಾಕಿ ರೇಡಿಯೋದಲ್ಲಿ ತುಳುವಿನಲ್ಲೇ ಹಿಂದೆ ಹೋಗೆಂದರು. ಅವನ ತಲೆ ಉಳಿಯಿತು. ಸೈಟಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೂಡದೆಂದು ನಿಯಮ ಮಾಡಿದವನು ಇದೇ ಎಂಜಿನಿಯರ್. ತುಳು ಆಡಿದ್ದಕ್ಕೆ ಫೋರ್‌ಮನ್ನರ ಹೆಸರಿಗೆ ಒಂದು ಎಚ್ಚರಿಕೆ ಪತ್ರ ಮೊದಲೇ ಫೈಲಿನಲ್ಲಿತ್ತು. ಎರಡನೆಯದು ಬಂದರೆ ಕೆಲಸ ಖಲಾಸ್. ದೋಹಾದ ಐನ್ ಖಾಲಿದ್‌ ಬಡಾವಣೆಯ ಮನೆಯಲ್ಲಿ ಫೋರ್‌ಮನ್ನರ ಮಗಳು ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು.

ಆ ಎರಡನೆಯ ಪತ್ರವನ್ನು ನಾನು ಟೈಪು ಮಾಡುತ್ತಿದ್ದಾಗ ಸಾಹೇಬನಿಗೆ ಊರಿನಿಂದ ತಾಯಿಯ ಫೋನು ಬಂತು. ಹತ್ತು ನಿಮಿಷ ಮಾತಾಡಿದ. ನಕ್ಕ, ಗೋಡೆಯ ಮೇಲಿನ ತನ್ನೂರಿನ ಫೋಟೋ ನೋಡಿದ. ಅದರಲ್ಲಿ ಕಲ್ಲುಗಣಿಯ ಗುಡ್ಡ, ಅದರ ಬುಡದಲ್ಲಿ ಕಪ್ಪು ಹಂಚಿನ ಮನೆಗಳು. ಅವನ ಮಾತಿನಲ್ಲಿ ಒಂದು ಪದವೂ ಇಂಗ್ಲಿಷಲ್ಲ.

ನಾನು ಟೈಪು ನಿಲ್ಲಿಸಿ ಅದು ಯಾವ ಭಾಷೆ ಎಂದು ಕೇಳಿದೆ. ತಮ್ಮದೇ ಭಾಷೆ ಎಂದ. ಅದನ್ನು ಶಾಲೆಯಲ್ಲಿ ಆಡಿದ್ದಕ್ಕೆ ತನ್ನ ಅಜ್ಜಿಯ ಅಮ್ಮನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರಂತೆ. ಅದನ್ನು ಹೇಳುವಾಗ ಇವನ ಕಣ್ಣು ಕೆಂಪಾಯಿತು. ಅತ್ತೆಯಿಂದ ಪೆಟ್ಟು ತಿಂದ ಸೊಸೆಯೇ ನಾಳೆ ಗಯ್ಯಾಳಿ ಅತ್ತೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಈ ಕಾಗದ ಯಾರ ಕೊರಳಿಗೆ, ಸರ್?" ಎಂದೆ.

"ಅದು ಶಾಲೆ. ಇದು ಸೇಫ್ಟಿ. ಟೈಪು ಮಾಡು."

"ಪೈಪಿನ ಕೆಳಗಿದ್ದವ ಬದುಕಿದ್ದು ತುಳುವಿನಿಂದ, ಸರ್. ನಾನು ಮಾಡುವುದಿಲ್ಲ."

ಫೋರ್‌ಮನ್ ನನ್ನ ತೋಳು ಹಿಡಿದು ಮೆಲ್ಲಗೆ, "ಬಿಡು ಮಾರಾಯ, ನಿನ್ನದೂ ಹೋಗ್ತದೆ," ಎಂದರು. ಅದೂ ತುಳುವಿನಲ್ಲೇ. ಸಾಹೇಬ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಎರಡೇ ಬೆರಳಲ್ಲಿ ಉಳಿದದ್ದನ್ನು ತಾನೇ ಟೈಪು ಮಾಡಿ ಸಹಿ ಹಾಕಿದ.

ಮಗಳ ಪರೀಕ್ಷೆ ಮುಗಿದ ಮರುದಿನ ಫೋರ್‌ಮನ್ ಹೆಂಡತಿ ಮಗಳೊಂದಿಗೆ ಊರಿಗೆ ಹೊರಟರು. ದೋಹಾದ ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟುಬಂದೆ.